ಲ್ಯಾಪ್‌ಟಾಪಿನ ದಿನಚರಿ, ಡಿಸ್ಕಿಗೆ ಕೆಲಸ

ಲಿನಕ್ಸ್ ಲ್ಯಾಪ್‌ಟಾಪ್ ಆನ್ ಆದ ಗಳಿಗೆಯಿಂದ ತನ್ನ ದಿನಚರಿ ಬರೆಯುತ್ತಲೇ ಇರುತ್ತದೆ. ವೈಫೈ ಸಿಕ್ಕಿತು, ಪೆನ್‌ಡ್ರೈವ್ ಹಾಕಿದರು, ಯಾರೋ ಪಾಸ್‌ವರ್ಡ್ ತಪ್ಪು ಒತ್ತಿದರು, ಎಲ್ಲವೂ ಲಾಗ್ ಕಡತಕ್ಕೆ ಸೇರುತ್ತದೆ. ಈಗಿನ ಬಹುತೇಕ ಲಿನಕ್ಸ್‌ಗಳಲ್ಲಿ ಇದು ಸಿಸ್ಟಮ್‌ಡಿಯ ಭಾಗವಾದ ಜರ್ನಲ್‌ಡಿಯ ಕೆಲಸ. ಉಬುಂಟುವಿನಲ್ಲಿ ಆರ್‌ಸಿಸ್‌ಲಾಗ್ ಎಂಬ ಇನ್ನೊಂದು ಪ್ರೋಗ್ರಾಂ ಅದೇ ಸಂದೇಶಗಳನ್ನು ಮತ್ತೊಮ್ಮೆ ಬರೆಯುತ್ತದೆ. 2023ರಲ್ಲಿ ಬಂದ ಡೆಬಿಯನ್ 12 ಆರ್‌ಸಿಸ್‌ಲಾಗನ್ನು ತಾನಾಗಿ ಹಾಕುವುದನ್ನು ಬಿಟ್ಟಿತು.

ಹೀಗೆ ಸದಾ ಲಾಗ್ ಬರೆಯುವುದರಿಂದ ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತದೆ ಎಂಬ ಭಯ ಅತಿಯಾದದ್ದು. 250 ಜಿಬಿಯ ಸ್ಯಾಮ್‌ಸಂಗ್ 870 ಇವೊಗೆ ಕಂಪನಿ ಕೊಡುವ ಬರಹದ ಖಾತರಿ 150 ಟಿಬಿ. ದಿನಕ್ಕೆ 20 ಜಿಬಿ ಬರೆದರೂ ಅದು ಮುಗಿಯಲು 20 ವರ್ಷ ಬೇಕು. ಲಾಗ್ ಬರಹ ತಗ್ಗಿಸಿದರೆ ನಿಜವಾದ ಉಳಿತಾಯ ಕಾಣುವುದು ಹಳೆಯ, ತಿರುಗುವ ಹಾರ್ಡ್‌ಡಿಸ್ಕಿನಲ್ಲಿ. ಡಿಸ್ಕ್ ಇನ್ನೇನು ನಿಲ್ಲಬೇಕು ಎನ್ನುವಾಗ ಒಂದು ಸಾಲು ಲಾಗ್ ಬಂದು ಅದನ್ನು ಮತ್ತೆ ತಿರುಗಿಸುತ್ತದೆ, ಬ್ಯಾಟರಿ ಇಳಿಯುತ್ತದೆ. ಅಗ್ಗದ ಲ್ಯಾಪ್‌ಟಾಪುಗಳ ಇಎಂಎಂಸಿ ಚಿಪ್ಪಿಗೂ ಬರಹ ಕಡಿಮೆಯಾದಷ್ಟು ಒಳ್ಳೆಯದು.

ಮೊದಲು ಹುಡುಕಬೇಕಾದದ್ದು ಗಲಾಟೆ ಮಾಡುವವರನ್ನು. ಐಯೊಟಾಪ್ ಎಂಬ ಪ್ರೋಗ್ರಾಂ ಡಿಸ್ಕಿಗೆ ಯಾರು ಎಷ್ಟು ಬರೆಯುತ್ತಿದ್ದಾರೆಂದು ತೋರಿಸುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ವೈಫೈ ಕಾರ್ಡಿನ ಸಣ್ಣ ದೋಷವನ್ನು ಯಂತ್ರವೇ ಸರಿಪಡಿಸಿಕೊಂಡು, 'ಪಿಸಿಐಇ ಬಸ್ ಎರರ್, ಕರೆಕ್ಟೆಡ್' ಎಂದು ಕರ್ನಲ್ ಮೂಲಕ ಬಿಡದೆ ಬರೆಸುತ್ತದೆ. ಕೆಲಸ ಕೆಡುವುದಿಲ್ಲ, ಆದರೆ ಕಡತ ಜಿಬಿಗಟ್ಟಲೆ ಬೆಳೆಯುತ್ತದೆ. ಬಯಾಸ್ ಅಥವಾ ಕರ್ನಲ್ ಅಪ್‌ಡೇಟ್‌ನಿಂದ ಇದು ನಿಲ್ಲಬಹುದು. ಇಂಥ ಒಂದನ್ನು ಸುಮ್ಮನಾಗಿಸಿದರೆ ಉಳಿದ ಹತ್ತು ಸೆಟಿಂಗ್‌ಗಳ ಗೊಡವೆಯೇ ಬೇಕಾಗದು.

ಜರ್ನಲ್‌ಡಿಯ ಸೆಟಿಂಗ್ ಕಡತದಲ್ಲಿರುವ 'ಸಿಸ್ಟಮ್ ಮ್ಯಾಕ್ಸ್ ಯೂಸ್' ಸಾಲನ್ನು ಹಲವರು ತಪ್ಪು ತಿಳಿಯುತ್ತಾರೆ. ಅದು ಜಾಗಕ್ಕೆ ಮಿತಿ ಹಾಕಿ ಹಳೆಯದನ್ನು ಅಳಿಸುತ್ತದೆ, ಅಷ್ಟೆ, ಬರಹ ಕಡಿಮೆಯಾಗುವುದಿಲ್ಲ. ಬರಹ ತಗ್ಗಿಸಲು ಬೇಕಾದದ್ದು 'ಮ್ಯಾಕ್ಸ್ ಲೆವೆಲ್ ಸ್ಟೋರ್'. ಇದನ್ನು 'ವಾರ್ನಿಂಗ್' ಎಂದು ಇಟ್ಟರೆ ಎಚ್ಚರಿಕೆ ಮತ್ತು ಅದಕ್ಕಿಂತ ಗಂಭೀರವಾದ ಸಂದೇಶಗಳು ಮಾತ್ರ ಉಳಿಯುತ್ತವೆ.

'ಸ್ಟೋರೇಜ್' ಸಾಲನ್ನು 'ವೊಲಟೈಲ್' ಮಾಡಿದರೆ ಜರ್ನಲ್ ಪೂರ್ತಿ ರ‍್ಯಾಮ್‌ನಲ್ಲೇ ಇರುತ್ತದೆ, ಡಿಸ್ಕ್ ಮುಟ್ಟುವುದಿಲ್ಲ. ಆದರೆ ಲ್ಯಾಪ್‌ಟಾಪ್ ಆಫ್ ಆದೊಡನೆ ಎಲ್ಲವೂ ಮಾಯ. ಬಸವಕಲ್ಯಾಣ, ಹುಮನಾಬಾದ್ ಕಡೆ ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ನೇರ ಕರೆಂಟಿನ ಮೇಲೆ ಓಡಿಸುವವರು ಇದನ್ನು ಯೋಚಿಸಿ ಮಾಡಬೇಕು. ಕರೆಂಟು ಹೋಗಿ ಬಂದ ಮೇಲೆ ಯಂತ್ರ ಮೇಲೇಳದಿದ್ದರೆ ಕಾರಣ ಹುಡುಕಲು ಬೇಕಾಗುವುದೇ ಹಿಂದಿನ ಸಲದ ಲಾಗ್. ಅವರಿಗೆ 'ವಾರ್ನಿಂಗ್' ಮಟ್ಟವೇ ಲೇಸು. ಜರ್ನಲ್ ಡಿಸ್ಕಿನಲ್ಲೇ ಇದ್ದರೆ, ಡಿಫಾಲ್ಟ್ ಆಗಿ ಜರ್ನಲ್‌ಡಿ ತನ್ನ ಕಡತವನ್ನು 5 ನಿಮಿಷಕ್ಕೊಮ್ಮೆ ಡಿಸ್ಕಿಗೆ ಬರೆದು ಖಚಿತಪಡಿಸುತ್ತದೆ. ತೀರಾ ಗಂಭೀರ ಸಂದೇಶ ಬಂದರೆ ಆ ಕೂಡಲೇ.

ಇನ್ನು ಕಡತ ತೆರೆದ ಹೊತ್ತನ್ನು ಬರೆದಿಡುವ ಪದ್ಧತಿ. 2009ರ ಕರ್ನಲ್ 2.6.30ರಿಂದ 'ರೆಲ್‌ಎಟೈಮ್' ಎಂಬ ಮಿತವಾದ ಕ್ರಮವೇ ಡಿಫಾಲ್ಟ್ ಆಗಿರುವುದರಿಂದ, ಅದನ್ನು ಪೂರ್ತಿ ನಿಲ್ಲಿಸುವ 'ನೋಎಟೈಮ್' ಹಾಕಿದರೆ ಸಿಗುವ ಲಾಭ ಸ್ವಲ್ಪವೇ. ಎಕ್ಸ್ಟ್4 ಕಡತ ವ್ಯವಸ್ಥೆಯ 5 ಸೆಕೆಂಡಿನ 'ಕಮಿಟ್' ಅವಧಿಯನ್ನು, ಅಂದರೆ ಬದಲಾವಣೆಗಳನ್ನು ಡಿಸ್ಕಿಗೆ ಇಳಿಸುವ ಅಂತರವನ್ನು, 60ಕ್ಕೆ ಏರಿಸಬಹುದು. ಆದರೆ ಕರೆಂಟು ಹೋದರೆ ಕೊನೆಯ ಒಂದು ನಿಮಿಷದ ಕೆಲಸಕ್ಕೆ ಖಾತರಿಯಿಲ್ಲ.

ಜರ್ನಲ್‌ಡಿಯ ಸೆಟಿಂಗ್ ಕಡತದಲ್ಲಿ ಯಾವ ಬದಲಾವಣೆ ಮಾಡಿದರೂ ಆ ಸೇವೆಯನ್ನು ರೀಸ್ಟಾರ್ಟ್ ಮಾಡಬೇಕು. ಉಬುಂಟುವಿನಲ್ಲಿ ಆರ್‌ಸಿಸ್‌ಲಾಗನ್ನು ನಿಲ್ಲಿಸದಿದ್ದರೆ, ಜರ್ನಲ್ ರ‍್ಯಾಮ್‌ಗೆ ಹೋದ ಮೇಲೂ ಅದು ಡಿಸ್ಕಿಗೆ ಬರೆಯುತ್ತಲೇ ಇರುತ್ತದೆ.