‘ಹೋಗಿ ಬರುತ್ತೇನೆ’ ಎಂದ ಕರ್ನಲ್

ಬೀಳ್ಕೊಳ್ಳುವಾಗ ನಾವು ‘ಹೋಗುತ್ತೇನೆ’ ಎನ್ನುವುದಿಲ್ಲ. ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ಮರೆತು ‘ಹೋಗುತ್ತೇನೆ’ ಎಂದವರನ್ನು ಹಿರಿಯರು ‘ಬಿಡ್ತು ಅನ್ನು’ ಎಂದು ಗದರಿಸುವುದುಂಟು. ಅಮೆರಿಕದ ಆಡುಮಾತಿನಲ್ಲಿಯೂ ಇಂಥದೊಂದು ಪ್ರಯೋಗವಿದೆ. ‘ಐ ವಿಲ್ ಬಿ ಸೀಯಿಂಗ್ ಯು’ ಎಂಬುದನ್ನು ಅವಸರದಲ್ಲಿ ಉಚ್ಚರಿಸಿದರೆ ‘ಅಬಿಸೀನಿಯ’ ಎಂದು ಕೇಳಿಸುತ್ತದೆ. ಆಫ್ರಿಕದ ಆ ದೇಶಕ್ಕೂ ಇದಕ್ಕೂ ಧ್ವನಿಸಾಮ್ಯವಲ್ಲದೆ ಬೇರೆ ಸಂಬಂಧವಿಲ್ಲ. ‘ಮ್ಯಾಶ್’ ಎಂಬ ಟೆಲಿವಿಷನ್ ಹಾಸ್ಯಸರಣಿಯ ಒಂದು ಕಂತಿನ ಹೆಸರು ‘ಅಬಿಸೀನಿಯ, ಹೆನ್ರಿ’. ನಾನು ಹೇಳಹೊರಟಿರುವುದು ಆ ಕಂತಿನ ಕೊನೆಯ ಕೆಲವು ನಿಮಿಷಗಳ ವಿಷಯ.

ಕೊರಿಯಾದ ಯುದ್ಧ ನಡೆದದ್ದು 1950ರಿಂದ 1953ರವರೆಗೆ. ರಣರಂಗದ ಸಮೀಪದಲ್ಲಿಯೇ ಡೇರೆ ಹಾಕಿ, ಯುದ್ಧದ ಸಾಲು ಸರಿದಂತೆ ತಾವೂ ಸರಿಯುತ್ತಿದ್ದ ಅಮೆರಿಕದ ಸೇನಾ ಶಸ್ತ್ರಚಿಕಿತ್ಸಾಲಯಗಳಿಗೆ ‘ಮ್ಯಾಶ್’ ಎಂಬುದು ಹ್ರಸ್ವನಾಮ. (ಆ ಯುದ್ಧಭೂಮಿಯಲ್ಲಿ ನಮ್ಮ ವೈದ್ಯರೂ ಇದ್ದರು. ಕರ್ನಲ್ ರಂಗರಾಜ್ ಅವರ ನಾಯಕತ್ವದ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ದಳದ ಕಥೆಯನ್ನು ಪ್ರತ್ಯೇಕವಾಗಿಯೇ ಹೇಳಬೇಕು.) ಸರಣಿ 1972ರಲ್ಲಿ ಆರಂಭವಾಯಿತು. ವಿಯಟ್ನಾಮಿನಿಂದ ಶವಪೆಟ್ಟಿಗೆಗಳು ಇನ್ನೂ ಬರುತ್ತಿದ್ದ ಕಾಲವದು. ಕೊರಿಯಾದ ಹೆಸರಿನಲ್ಲಿ ನೋಡುಗರು ಯಾವ ಯುದ್ಧವನ್ನು ಕಾಣುತ್ತಿದ್ದರೆಂಬುದನ್ನು ವಿವರಿಸಬೇಕಾಗಿಲ್ಲ.

ಶಿಬಿರದ ಮುಖ್ಯಾಧಿಕಾರಿ ಲೆಫ್ಟಿನೆಂಟ್ ಕರ್ನಲ್ ಹೆನ್ರಿ ಬ್ಲೇಕ್. ಸೈನಿಕನ ಠೀವಿಯಿಲ್ಲದ, ಮೀನು ಹಿಡಿಯುವ ಟೋಪಿ ಧರಿಸುವ ಸಾಧು ವೈದ್ಯ. ಅವನಿಗೆ ಬಿಡುಗಡೆಯ ಆಜ್ಞೆ ಬರುತ್ತದೆ. ಗೆಳೆಯರು ಹೊಸ ಸೂಟು ತೊಡಿಸುತ್ತಾರೆ. ಕುಡಿತ, ಕುಚೋದ್ಯ, ಆಲಿಂಗನಗಳಾಗುತ್ತವೆ. ಗುಮಾಸ್ತ ರೇಡಾರ್ ನೀಡುವ ವಂದನೆಯನ್ನು ಸ್ವೀಕರಿಸಿ, ಅವನನ್ನು ತಬ್ಬಿಕೊಂಡು, ಹೆನ್ರಿ ಹೆಲಿಕಾಪ್ಟರ್ ಏರುತ್ತಾನೆ. ನಟ ಮೆಕ್ಲೀನ್ ಸ್ಟೀವನ್ಸನ್ ಸರಣಿಯನ್ನು ಬಿಡುತ್ತಿದ್ದುದರಿಂದ ಪಾತ್ರಕ್ಕೆ ಸುಖದ ವಿದಾಯವೆಂದೇ ಎಲ್ಲರ ಭಾವನೆ.

ಆಮೇಲೆ ಶಸ್ತ್ರಚಿಕಿತ್ಸೆಯ ಕೋಣೆ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆಯೇ ರೇಡಾರ್ ಒಳಗೆ ಬರುತ್ತಾನೆ. ವೈದ್ಯನೊಬ್ಬ ಆಕ್ಷೇಪಿಸುತ್ತಾನೆ. ರೇಡಾರ್ ಕೈಯಲ್ಲಿಯ ಸಂದೇಶವನ್ನು ತಿಳಿಸುತ್ತಾನೆ: ಹೆನ್ರಿಯ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಲಾಗಿದೆ, ಒಬ್ಬರೂ ಉಳಿದಿಲ್ಲ.

ಯಾರೂ ಚೀರುವುದಿಲ್ಲ, ಓಡುವುದಿಲ್ಲ. ಎದುರಿಗೆ ಹೊಟ್ಟೆ ಸೀಳಿದ ರೋಗಿಗಳು ಮಲಗಿದ್ದಾರೆ, ಕೈ ಬಿಡುವಂತಿಲ್ಲ. ಕಣ್ಣುಗಳಷ್ಟೇ ಕಾಣುವ ಮುಖಗಳ ಮೇಲೆ ಕ್ಯಾಮರಾ ನಿಧಾನವಾಗಿ ಸಾಗುತ್ತದೆ. ಎಲ್ಲಿಯೋ ಉಪಕರಣವೊಂದು ಜಾರಿ ಬಿದ್ದ ಸದ್ದು. ಅದು ಚಿತ್ರೀಕರಣದಲ್ಲಿ ಆಕಸ್ಮಿಕವಾಗಿ ಬಿದ್ದದ್ದು. ನಿರ್ದೇಶಕ ಲ್ಯಾರಿ ಗೆಲ್ಬಾರ್ಟ್ ಅದನ್ನು ಹಾಗೆಯೇ ಉಳಿಸಿಕೊಂಡರು. ಈ ಒಂದು ಪುಟವನ್ನು ಅವರು ಬಹುಪಾಲು ನಟರಿಂದ ಕಡೆಯವರೆಗೂ ಮುಚ್ಚಿಟ್ಟಿದ್ದರು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅಂದಿನ ರೂಢಿಯಂತೆ ಈ ಸರಣಿಗೂ ಧ್ವನಿಮುದ್ರಿತ ನಗೆಯನ್ನು ಸೇರಿಸುತ್ತಿದ್ದರು. ನಿರ್ಮಾಪಕರಿಗೆ ಅದು ಬೇಡವಾಗಿತ್ತು. ಸಿಬಿಎಸ್ ಸಂಸ್ಥೆಗೆ ಬೇಕಾಗಿತ್ತು. ಕೊನೆಗೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಗೆ ಕೂಡದೆಂದು ಒಪ್ಪಂದವಾಯಿತು. ಹೀಗಾಗಿ ವೈದ್ಯರು ಅಲ್ಲಿ ಎಷ್ಟೇ ವಿನೋದವಾಡಲಿ, ಪರದೆಯ ಹಿಂದಿನಿಂದ ಯಾರೂ ನಗುತ್ತಿರಲಿಲ್ಲ. ಸಾವಿನ ಸುದ್ದಿ ಬಂದದ್ದು ಆ ಕೋಣೆಗೆ. ಮೂರು ವರ್ಷ ನೋಡುಗನಿಗೆ ಅರಿವಿಲ್ಲದೆಯೇ ಸಿದ್ಧವಾಗಿದ್ದ ಮೌನದಲ್ಲಿ ಆ ಮಾತು ಬಿತ್ತು. ಹೊರಗಿನ ಅಂಗಳದಲ್ಲಿ ಹೇಳಿದ್ದರೆ ಅದಕ್ಕೆ ಈ ತೂಕ ಬರುತ್ತಿರಲಿಲ್ಲವೆಂದು ನನ್ನ ಎಣಿಕೆ. ಅನಂತರ ಹೆನ್ರಿಯ ಹಳೆಯ ನಗೆಯ ದೃಶ್ಯಗಳನ್ನು ಪೋಣಿಸಿ ತೋರಿಸುತ್ತಾರೆ. ಅದು ಬೇಡವಾಗಿತ್ತು, ನೋಡುಗನನ್ನು ಸಂತೈಸುವ ಆತುರ ಅಲ್ಲಿ ಕಾಣುತ್ತದೆ.

ಕಂತು ಪ್ರಸಾರವಾದದ್ದು 1975ರ ಮಾರ್ಚ್ 18ರಂದು. ಸಿಟ್ಟಿನ ಪತ್ರಗಳು ರಾಶಿ ರಾಶಿ ಬಂದವು. ನಗಲು ಕುಳಿತವರನ್ನು ಅಳಿಸಿದ್ದು ಮೋಸವೆಂಬುದು ದೂರು. ಆ ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹೆಸರಿಲ್ಲದ ಗಾಯಾಳುಗಳು ಅದೇ ಮೇಜಿನ ಮೇಲೆ ವಾರವಾರವೂ ಮಲಗುತ್ತಿದ್ದಾಗ ಆ ಪತ್ರಗಳು ಬಂದಿರಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರಣಿ ಮುಂದುವರಿಯಿತು. ಹೆನ್ರಿಯ ಮೇಜಿಗೆ ಪಾಟರ್ ಎಂಬ ಇನ್ನೊಬ್ಬ ಕರ್ನಲ್ ಬಂದು ಕುಳಿತನು.