ಸರ್ವರಿನ ಗುರುತಿಗೆ ಸಹಿ ಹಾಕುವವರು ಯಾರು?

2008ರ ಮೇ ತಿಂಗಳಲ್ಲಿ ಡೆಬಿಯನ್ ಲಿನಕ್ಸ್ ತಂಡ ಹೊರಡಿಸಿದ ಒಂದು ಪ್ರಕಟಣೆ ಸರ್ವರ್ ನೋಡಿಕೊಳ್ಳುವವರ ನಿದ್ದೆ ಕೆಡಿಸಿತು. ಅದಕ್ಕೂ ಎರಡು ವರ್ಷ ಮೊದಲು, ಗೂಢಲಿಪಿಯ ಕೀಲಿಗಳನ್ನು ಮಾಡಿಕೊಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಡೆಬಿಯನ್ ಆವೃತ್ತಿಯಿಂದ ಒಂದೆರಡು ಸಾಲು ತೆಗೆದುಹಾಕಿದ್ದರು. ದೋಷ ಹುಡುಕುವ ಇನ್ನೊಂದು ತಂತ್ರಾಂಶ ಆ ಸಾಲುಗಳ ಬಗ್ಗೆ ತಕರಾರು ಎತ್ತುತ್ತಿದ್ದುದೇ ಕಾರಣ. ಆದರೆ ಕೀಲಿಯನ್ನು ಯಾರೂ ಊಹಿಸದಂತೆ ಮಾಡುವ ಕೆಲಸ ಆ ಸಾಲುಗಳದ್ದಾಗಿತ್ತು. ಅವು ಹೋದ ಮೇಲೆ ಉಳಿದದ್ದು ಪ್ರೊಸೆಸ್ ಸಂಖ್ಯೆಯೊಂದೇ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಅದರ ಮಿತಿ 32,768. ಅಂದರೆ ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಆ ಅವಧಿಯಲ್ಲಿ ಹುಟ್ಟಿದ ಒಂದೊಂದು ಬಗೆಯ ಕೀಲಿಯೂ ಅಷ್ಟರೊಳಗೇ ಇರಬೇಕು. ಪಟ್ಟಿ ಮಾಡಿಕೊಂಡು ಒಂದೊಂದಾಗಿ ಹಾಕಿ ನೋಡಿದರೆ ಸಾಕು, ಬೀಗ ತೆರೆದುಕೊಳ್ಳುತ್ತಿತ್ತು. ಆ ಕೀಲಿಗಳ ಮೇಲೆ ಪಡೆದಿದ್ದ, ಸರ್ವರಿನ ಗುರುತು ಸಾರುವ ಎಸ್‌ಎಸ್‌ಎಲ್ ಸರ್ಟಿಫಿಕೇಟುಗಳನ್ನೆಲ್ಲ ಬಿಸಾಡಿ ಹೊಸದಾಗಿ ಮಾಡಿಸಬೇಕಾಯಿತು.

ಸರ್ಟಿಫಿಕೇಟಿನ ಬಗ್ಗೆ ಮಾತಾಡುವಾಗ ನಾನು ಕೀಲಿಯಿಂದಲೇ ಶುರು ಮಾಡುವುದು ಇದಕ್ಕಾಗಿ. ಸರ್ಟಿಫಿಕೇಟು ಗುಟ್ಟಲ್ಲ, ಬಂದವರಿಗೆಲ್ಲ ಸರ್ವರು ಅದನ್ನು ತೋರಿಸುತ್ತದೆ. ಗುಟ್ಟಾಗಿರಬೇಕಾದದ್ದು ಖಾಸಗಿ ಕೀಲಿ. ಅದರಿಂದ ಹಾಕಿದ ಸಹಿಯನ್ನು ಸಾರ್ವಜನಿಕ ಕೀಲಿ ಇರುವ ಯಾರು ಬೇಕಾದರೂ ಪರೀಕ್ಷಿಸಬಹುದು, ಆದರೆ ಅಂಥ ಸಹಿಯನ್ನು ಹಾಕಲು ಅವರಿಂದಾಗದು. ಖಾಸಗಿ ಕೀಲಿಯ ಫೈಲು ತೆರೆದರೆ ಐದೈದು ಅಡ್ಡಗೆರೆಗಳ ನಡುವೆ ‘ಬಿಗಿನ್ ಪ್ರೈವೇಟ್ ಕೀ’ ಎಂಬ ತಲೆಸಾಲು, ಅದರ ಕೆಳಗೆ ಸಾಲಿಗೆ 64ರಂತೆ ತಲೆಬುಡ ತಿಳಿಯದ ಅಕ್ಷರಗಳು. 2048 ಬಿಟ್‌ನ ಆರ್‌ಎಸ್‌ಎ ಕೀಲಿಯಾದರೆ ಎಲ್ಲ ಸೇರಿ ಎರಡು ಕಿಲೋಬೈಟ್ ಕೂಡ ಆಗುವುದಿಲ್ಲ. ಇಷ್ಟು ಕೈಸೇರಿದವನು ನಿಮ್ಮ ಸರ್ವರಿನ ವೇಷ ಹಾಕಬಲ್ಲ. ಹಾಗಾಗಿ ಆ ಫೈಲಿನ ಅನುಮತಿ 600 ಇರಲಿ. ಒಡೆಯನ ಹೊರತು ಇನ್ನಾರಿಗೂ ಓದಲಾಗದು. ಕೀಲಿಯನ್ನೂ ನಾವೇ ಮಾಡಿ ಇಮೇಲಿನಲ್ಲಿ ಕಳಿಸಿಕೊಡುತ್ತೇವೆ ಎನ್ನುವವರ ಅನುಕೂಲ ಖಂಡಿತ ಬೇಡ. ಕೀಲಿ ಹುಟ್ಟಿದ ಯಂತ್ರದಲ್ಲೇ ಇರಬೇಕು. ಹೊರಗೆ ಹೋಗುವುದು ಸಿಎಸ್‌ಆರ್ ಎಂಬ ಅರ್ಜಿ ಮಾತ್ರ. ಅದರಲ್ಲಿ ಸಾರ್ವಜನಿಕ ಕೀಲಿ ಮತ್ತು ಸರ್ವರಿನ ಹೆಸರು ಇರುತ್ತವೆ.

ಆ ಅರ್ಜಿಗೆ ಸಹಿ ಬಿದ್ದರೆ ಅದೇ ಸರ್ಟಿಫಿಕೇಟು. ಆದರೆ ಯಾರ ಸಹಿ? ಹೆಣ್ಣು ಕೊಡುವವರು ಗಂಡಿನ ಮನೆಯವರ ಮಾತನ್ನಷ್ಟೇ ನಂಬದೆ, ತಮಗೆ ಮೊದಲಿನಿಂದ ಗೊತ್ತಿರುವ ಹಿರಿಯರ ಬಳಿ ವಿಚಾರಿಸುತ್ತಾರಲ್ಲ, ಬ್ರೌಸರು ಮಾಡುವುದೂ ಅದನ್ನೇ. ಅದರ ಬಳಿ ನಂಬಿಕಸ್ಥ ರೂಟ್ ಸಂಸ್ಥೆಗಳ ಪಟ್ಟಿ ಇರುತ್ತದೆ. ಆ ಸಂಸ್ಥೆಗಳು ರೂಟ್ ಕೀಲಿಯನ್ನು ಜಾಲದಿಂದ ಹೊರಗೆ ಭದ್ರವಾಗಿಟ್ಟು, ದಿನನಿತ್ಯದ ಸಹಿಗೆ ಮಧ್ಯವರ್ತಿ ಸರ್ಟಿಫಿಕೇಟನ್ನು ಬಳಸುತ್ತವೆ. ಬಹಳ ಜನ ಎಡವುವುದು ಇಲ್ಲಿ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶಕ್ಕೆ ನಮ್ಮ ಸರ್ಟಿಫಿಕೇಟನ್ನಷ್ಟೇ ಕೊಟ್ಟು ಮಧ್ಯವರ್ತಿಯದನ್ನು ಬಿಟ್ಟರೆ, ಕ್ರೋಮ್‌ನಲ್ಲಿ ಪುಟ ತೆರೆಯಬಹುದು, ಏಕೆಂದರೆ ತಪ್ಪಿದ ಕೊಂಡಿಯನ್ನು ಅದು ತಾನೇ ತರಿಸಿಕೊಳ್ಳಬಲ್ಲದು. ಅದೇ ಸರ್ವರನ್ನು ಕರ್ಲ್ ಎಂಬ ಆಜ್ಞೆಯಿಂದ ಕರೆದರೆ ಅದು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಂದೇ ಫೈಲಿನಲ್ಲಿ ನಮ್ಮದು ಮೇಲೆ, ಮಧ್ಯವರ್ತಿಯದು ಕೆಳಗೆ ಇಟ್ಟರೆ ತೀರಿತು.

ಕಾಲೇಜಿನ ಪ್ರಯೋಗಾಲಯ, ಆಸ್ಪತ್ರೆಯ ಒಳಜಾಲ, ಇಂಥ ಕಡೆ ಹೊರಗಿನವರಿಗೆ ಕಾಣದ ಸರ್ವರುಗಳಿರುತ್ತವೆ. ಅವಕ್ಕೆ ಸ್ವಂತ ರೂಟ್ ಮಾಡಿಕೊಂಡು ತಾವೇ ಸಹಿ ಹಾಕುವುದು ರೂಢಿ. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಇದು ಕೆಲವೇ ನಿಮಿಷದ ಕೆಲಸ. ಒಂದು ಎಚ್ಚರ ಮಾತ್ರ ಬೇಕು: ಸರ್ವರಿನ ಹೆಸರು ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಎಂಬ ಜಾಗದಲ್ಲಿರಬೇಕು. ಹಳೇ ‘ಕಾಮನ್ ನೇಮ್’ ಜಾಗವನ್ನು ಕ್ರೋಮ್ 2017ರಿಂದ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸರ್ವರಿನ ಕಡೆಯ ಕೆಲಸ ಇಷ್ಟಕ್ಕೆ ಮುಗಿಯಿತು. ಇನ್ನೊಂದು ತುದಿಯ ಒಂದೊಂದು ಕಂಪ್ಯೂಟರಿಗೂ ಆ ರೂಟನ್ನು ಪರಿಚಯಿಸುವುದೇ ನಿಜವಾದ ದುಡಿಮೆ. ಉಬುಂಟುವಿನಲ್ಲಿ ಫೈಲಿಗೆ ಸಿಆರ್‌ಟಿ ಎಂಬ ಬಾಲ ಕೊಟ್ಟು, ಅದಕ್ಕೆಂದೇ ಇರುವ ಫೋಲ್ಡರಿನಲ್ಲಿಟ್ಟು, ಪಟ್ಟಿ ನವೀಕರಿಸುವ ಆಜ್ಞೆ ಕೊಡಬೇಕು. ಅಲ್ಲಿ ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಳ್ಳುವುದರಿಂದ ಅದಕ್ಕೆ ಪ್ರತ್ಯೇಕ ಏರ್ಪಾಡು.

ಈ ಶ್ರಮ ತಪ್ಪಿಸಲು ಕೆಲವರು ಸಿಬ್ಬಂದಿಗೆ “ಬ್ರೌಸರಿನಲ್ಲಿ ಎಚ್ಚರಿಕೆ ಬಂದರೆ ಅಡ್ವಾನ್ಸ್‌ಡ್ ಒತ್ತಿ ಮುಂದೆ ಹೋಗಿ” ಎಂದು ಹೇಳಿಕೊಡುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಬ್ರೌಸರಿಗೂ ಸರ್ವರಿಗೂ ನಡುವೆ ಕಳ್ಳ ಕೂತ ದಿನವೂ ಬರುವುದು ಅದೇ ಎಚ್ಚರಿಕೆ, ಒತ್ತುವುದು ಅದೇ ಗುಂಡಿ.

ಹಾಗೆಂದು ಸ್ವಂತ ರೂಟ್ ಹಗುರವಾದ ವಸ್ತುವೂ ಅಲ್ಲ. ಅದನ್ನು ನಂಬಿದ ಕಂಪ್ಯೂಟರಿನ ಮಟ್ಟಿಗೆ, ಅದರ ಕೀಲಿ ಇದ್ದವನು ಯಾವ ಬ್ಯಾಂಕಿನ ಹೆಸರಿಗೆ ಬೇಕಾದರೂ ಸರ್ಟಿಫಿಕೇಟು ಬರೆದುಕೊಡಬಲ್ಲ. ನೆದರ್ಲೆಂಡ್ಸ್‌ನ ಡಿಜಿನೋಟಾರ್ ಸಂಸ್ಥೆಗೆ 2011ರಲ್ಲಿ ಕನ್ನ ಹಾಕಿದವರು ಗೂಗಲ್ ಹೆಸರಿನಲ್ಲಿ ಸುಳ್ಳು ಸರ್ಟಿಫಿಕೇಟು ಹುಟ್ಟಿಸಿದರು. ಇರಾನಿನ ಜನರ ಸಂಪರ್ಕದ ಮೇಲೆ ಕಣ್ಣಿಡಲು ಅದು ಬಳಕೆಯಾಯಿತು. ಬ್ರೌಸರುಗಳು ಸಂಸ್ಥೆಯನ್ನು ಪಟ್ಟಿಯಿಂದ ಕಿತ್ತುಹಾಕಿದವು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದು ದಿವಾಳಿಯೆದ್ದಿತು. 2014ರ ಜುಲೈಯಲ್ಲಿ, ನಮ್ಮ ಕೇಂದ್ರ ಸರ್ಕಾರದ ಎನ್‌ಐಸಿಯ ವ್ಯವಸ್ಥೆಯಿಂದಲೂ ಗೂಗಲ್ ಹೆಸರಿಗೆ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದದ್ದು ಬೆಳಕಿಗೆ ಬಂದು, ಅದರ ಮಧ್ಯವರ್ತಿ ಸರ್ಟಿಫಿಕೇಟುಗಳನ್ನು ರದ್ದು ಮಾಡಬೇಕಾಯಿತು. ಒಳಜಾಲದ ರೂಟ್ ಕೀಲಿಯನ್ನೂ ವೆಬ್ ಸರ್ವರಿನಲ್ಲಿ ಬಿಡದೆ, ಜಾಲಕ್ಕೆ ಸೇರದ ಯಂತ್ರದಲ್ಲಿ ಇಡುವುದು ಮೇಲು.

ಕದ್ದ ಕೀಲಿ ಹೆಚ್ಚು ದಿನ ಉಪಯೋಗಕ್ಕೆ ಬಾರದಿರಲಿ ಎಂದು ಸರ್ಟಿಫಿಕೇಟಿನ ಆಯುಸ್ಸನ್ನು ಕಡಿಮೆ ಮಾಡುತ್ತ ಬಂದಿದ್ದಾರೆ. 2015ರ ಡಿಸೆಂಬರಿನಲ್ಲಿ ಎಲ್ಲರಿಗೂ ತೆರೆದುಕೊಂಡ ಲೆಟ್ಸ್ ಎನ್‌ಕ್ರಿಪ್ಟ್ 90 ದಿನದ ಸರ್ಟಿಫಿಕೇಟುಗಳನ್ನು ಉಚಿತವಾಗಿ ಕೊಡತೊಡಗಿತು. ಬ್ರೌಸರುಗಳು ನಂಬುವ ಸಾರ್ವಜನಿಕ ಸರ್ಟಿಫಿಕೇಟುಗಳಿಗೆ 2029ರ ಮಾರ್ಚ್ 15ರಿಂದ ಗರಿಷ್ಠ 47 ದಿನ ಎಂಬ ನಿಯಮ ಈಗಾಗಲೇ ನಿಗದಿಯಾಗಿದೆ. ಇಷ್ಟು ಬೇಗ ಬೇಗ ನವೀಕರಿಸುವುದು ಕೈಯಿಂದ ಮಾಡಿ ಪೂರೈಸುವ ಕೆಲಸವಲ್ಲ; ಸರ್ಟ್‌ಬಾಟ್‌ನಂಥ ತಂತ್ರಾಂಶಕ್ಕೆ ವಹಿಸಬೇಕು. ಎಂಜಿನ್‌ಎಕ್ಸ್ ಸಾಮಾನ್ಯವಾಗಿ ಸರ್ಟಿಫಿಕೇಟನ್ನು ಶುರುವಾಗುವಾಗ ಒಮ್ಮೆ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಡಿಸ್ಕಿನಲ್ಲಿ ಹೊಸದು ಬಂದು ಕೂತರೂ, ರೀಲೋಡ್ ಆಗುವ ತನಕ ಅದು ಬಂದವರಿಗೆ ತೋರಿಸುವುದು ಹಳೆಯದನ್ನೇ. ಆದ್ದರಿಂದ ನವೀಕರಣದ ಬೆನ್ನಿಗೇ ರೀಲೋಡ್ ಆಜ್ಞೆಯನ್ನೂ ಕಟ್ಟಿಡಬೇಕು. ಫೈಲಿನ ದಿನಾಂಕ ನೋಡಿ ಸುಮ್ಮನಾಗದೆ, ಬೇರೊಂದು ಯಂತ್ರದಿಂದ 443ನೇ ಪೋರ್ಟಿಗೆ ಸಂಪರ್ಕಿಸಿ, ಸರ್ವರು ಈ ಹೊತ್ತು ಯಾವ ಸರ್ಟಿಫಿಕೇಟನ್ನು ಕೊಡುತ್ತಿದೆ ಎಂದು ಓದಿ ನೋಡಬೇಕು.