ನಮ್ಮ ಬಗ್ಗೆ ತಪ್ಪು ಸುದ್ದಿ ಹರಡಿದರೆ ಸುಮ್ಮನಿರಬೇಕೆ, ಸ್ಪಷ್ಟನೆ ಕೊಡಬೇಕೆ?

ಕೆಲವು ಸಮಯದ ಹಿಂದೆ ಮದುವೆಯ ದುಂದುವೆಚ್ಚದ ಬಗ್ಗೆ ಒಂದು ಮತಪ್ರವಚನದಲ್ಲಿ ನಾವು ಮಾತನಾಡಿದ್ದೆವು. “ಬಡವರ ಮನೆಯ ಹುಡುಗಿ ಬೇಡ, ಅಲ್ಲಿಂದ ಏನೂ ಸಿಗುವುದಿಲ್ಲ ಎನ್ನುವವರು ನಮ್ಮಲ್ಲಿದ್ದಾರೆ, ಅವರ ಮಾತಿಗೆ ಕಿವಿಗೊಡಬೇಡಿ” ಎಂಬುದು ನಾವು ಬ್ಯಾರಿಯಲ್ಲಿ ಹೇಳಿದ್ದರ ಅರ್ಥ. ಯಾರೋ ಅದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, “ಸಿಗುವುದಿಲ್ಲ” ಎಂಬಲ್ಲಿಗೆ ತುಂಡು ಮಾಡಿ ಹರಿಯಬಿಟ್ಟರು. ಮರುದಿನ ಸುಬಹಿಗೆ ಮುಂಚೆಯೇ ಅದು ಊರಿನ ವಾಟ್ಸ್‌ಆ್ಯಪ್ ಗುಂಪುಗಳನ್ನು ದಾಟಿ ಗಲ್ಫ್‌ನಲ್ಲಿರುವ ನಮ್ಮವರ ರೂಮ್‌ಗಳಿಗೂ ತಲುಪಿತ್ತು.

ಎರಡು ದಿನ ಬಿಟ್ಟು ಮದ್ರಸದ ಗೇಟಿನ ಹತ್ತಿರ ವಿದ್ಯಾರ್ಥಿನಿಯೊಬ್ಬಳ ತಂದೆ ನಿಂತಿದ್ದರು. “ಉಸ್ತಾದ್, ನನಗೆ ಮೂರು ಹೆಣ್ಣುಮಕ್ಕಳು. ನೀವೇ ಹೀಗೆ ಹೇಳಿದರೆ ನಾವು ಯಾರ ಹತ್ತಿರ ಹೋಗುವುದು?” ಎಂದು ಕೇಳಿದರು. ನಡೆದದ್ದನ್ನು ಅವರಿಗೆ ವಿವರಿಸಿದೆವು. ಆದರೆ ಗೇಟಿನ ತನಕ ಬಾರದೆ ಮನೆಯಲ್ಲೇ ನೊಂದುಕೊಂಡವರಿಗೆ ಯಾರು ಹೇಳುವುದು?

ಆಗ ನಾವೂ ಒಂದು ತಪ್ಪು ಮಾಡಿದೆವು. ರಾತ್ರಿ ಕೋಪದಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿದೆವು. ಅದರಲ್ಲಿ ಸ್ಪಷ್ಟನೆಗಿಂತ ಬೈಗುಳವೇ ಜಾಸ್ತಿ ಇತ್ತು. ಅದೂ ತುಂಡಾಗಿ ತಿರುಗಿತು. ಕೊನೆಗೆ ಜಮಾಅತಿನ ಹಿರಿಯರೊಬ್ಬರು, “ಬಾಯಿಯಲ್ಲಿ ಹೇಳಿದ್ದು ಸಾಕು ಉಸ್ತಾದ್, ಇನ್ನು ಬರೆದು ಕೊಡಿ” ಎಂದರು.

ಪ್ರವಾದಿಗಳು ತೋರಿಸಿದ ದಾರಿ

“ಸಬರ್ ಮಾಡಿ, ಅಲ್ಲಾಹನಿಗೆ ಗೊತ್ತಿದೆಯಲ್ಲ” ಎಂದು ಹೇಳುವವರಿದ್ದಾರೆ. ಸಬರ್ ಬೇಕು. ಆದರೆ ಸಬರ್ ಎಂದರೆ ಸತ್ಯವನ್ನು ಹೇಳದೆ ಇರುವುದಲ್ಲ. ಯೂಸುಫ್ (ಅ) ಅವರನ್ನು ರಾಜ ಸೆರೆಮನೆಯಿಂದ ಕರೆಸಿದಾಗ ಅವರು ಕೂಡಲೇ ಎದ್ದು ಹೊರಡಲಿಲ್ಲ. ಕೈ ಕೊಯ್ದುಕೊಂಡ ಆ ಹೆಂಗಸರ ವಿಷಯವನ್ನು ಮೊದಲು ವಿಚಾರಿಸುವಂತೆ ದೂತನನ್ನು ಹಿಂದೆ ಕಳಿಸಿದರು. ಹೊರಬರುವ ಮೊದಲು ತಮ್ಮ ಮೇಲಿನ ಆರೋಪ ತೊಳೆದು ಹೋಗಬೇಕು ಎಂಬುದು ಅವರ ನಿಲುವಾಗಿತ್ತು.

ನಮ್ಮ ಪ್ರವಾದಿಯವರು (ಸ) ರಮಳಾನಿನ ಕೊನೆಯ ಹತ್ತರಲ್ಲಿ ಇಅ್‌ತಿಕಾಫ್‌ನಲ್ಲಿದ್ದಾಗ ಪತ್ನಿ ಸಫಿಯ್ಯಾ (ರ) ನೋಡಲು ಬಂದಿದ್ದರು. ಅವರನ್ನು ಬೀಳ್ಕೊಡಲು ಹೊರಟಾಗ ಇಬ್ಬರು ಅನ್ಸಾರಿಗಳು ಅವರನ್ನು ಕಂಡು ಬೇಗ ಬೇಗ ಹೆಜ್ಜೆ ಹಾಕಿದರು. ಪ್ರವಾದಿಯವರು ಅವರನ್ನು ತಡೆದು, ಇವರು ಸಫಿಯ್ಯಾ ಎಂದು ತಾವಾಗಿಯೇ ತಿಳಿಸಿದರು. ಶೈತಾನ್ ಅವರ ಮನಸ್ಸಿಗೆ ಏನಾದರೂ ಹಾಕಿಯಾನು ಎಂಬ ಕಾಳಜಿ ಅದರ ಹಿಂದೆ ಇತ್ತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಇದು. ಯಾರೂ ಸಂಶಯಪಡಲು ಜಾಗವಿಲ್ಲದ ಪ್ರವಾದಿಯವರೇ ಸ್ಪಷ್ಟನೆ ಕೊಟ್ಟಿರುವಾಗ ನಮಗೆ ಅದರಲ್ಲಿ ನಾಚಿಕೆ ಏಕೆ?

ಸ್ಪಷ್ಟನೆ ಹೇಗಿರಬೇಕು?

ನಾವು ಬರೆದದ್ದು ಹತ್ತೇ ಸಾಲು. ಯಾವ ದಿನ, ಎಲ್ಲಿ ಮಾತನಾಡಿದ್ದು, ಪೂರ್ತಿ ಮಾತು ಏನು, ಎಲ್ಲಿ ತುಂಡಾಗಿದೆ, ಪೂರ್ತಿ ರೆಕಾರ್ಡಿಂಗ್ ಯಾರ ಹತ್ತಿರ ಕೇಳಬಹುದು ಎಂದು ಬರೆದು, ಕೆಳಗೆ ಸಹಿ ಮತ್ತು ತಾರೀಕು ಹಾಕಿದೆವು. ಜುಮಾ ನಮಾಝ್ ಮುಗಿದ ಮೇಲೆ ಅದನ್ನು ಓದಿ, ನೋಟಿಸ್ ಬೋರ್ಡಿಗೆ ಅಂಟಿಸಲಾಯಿತು. ತುಂಡು ವಿಡಿಯೋ ಬಂದಿದ್ದ ಗುಂಪುಗಳಿಗೆ ಅದೇ ಕಾಗದದ ಫೋಟೋ ಹೋಯಿತು.

ಅನುಭವದಿಂದ ಕಲಿತದ್ದು ಇಷ್ಟು. ಸುಳ್ಳನ್ನು ಮತ್ತೆ ಫಾರ್ವರ್ಡ್ ಮಾಡಿ “ಇದು ಸುಳ್ಳು” ಎನ್ನಬೇಡಿ, ನೋಡದವರೂ ನೋಡುತ್ತಾರೆ. ಸತ್ಯವನ್ನು ಮೊದಲ ಸಾಲಿನಲ್ಲೇ ಹೇಳಿ. ಹರಡಿದವರ ಹೆಸರೆತ್ತಿ ಬೈಯಬೇಡಿ, ಜಗಳ ಶುರುವಾದರೆ ವಿಷಯ ಮರೆತುಹೋಗುತ್ತದೆ. ತೆಗೆಸುವ ಮೊದಲು ಸ್ಕ್ರೀನ್‌ಶಾಟ್, ಲಿಂಕ್, ತಾರೀಕು ತೆಗೆದಿಡಿ. ಆಮೇಲೆ ದೂರು ಕೊಡಬೇಕಾದರೆ ಸಾಕ್ಷಿ ಅದೇ. ಮಕ್ಕಳ, ಹೆಂಗಸರ ವಿಷಯವಾದರೆ ಹೆಸರು, ಫೋಟೋ ಇರುವ ಸ್ಪಷ್ಟನೆ ಬೇಡ. ಅಲ್ಲಿ ಉತ್ತರ ಬರೆಯುವುದಕ್ಕಿಂತ ತೆಗೆಸುವುದೇ ಮೇಲು.

ಕಾನೂನಿನ ದಾರಿ

ಫೇಸ್‌ಬುಕ್, ಯೂಟ್ಯೂಬ್‌ನಂಥ ಸಂಸ್ಥೆಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು, ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು ಎಂದು ಕೇಂದ್ರ ಸರಕಾರ 2021ರ ಐಟಿ ನಿಯಮಗಳಲ್ಲಿ ಹೇಳಿತು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ಈ ಸಮಿತಿಗಳು ಬಂದದ್ದು 2023ರಲ್ಲಿ. ಪತ್ರಿಕೆಯಲ್ಲಿ ತಪ್ಪು ಬಂದರೆ ಮೊದಲು ಸಂಪಾದಕರಿಗೆ ಬರೆಯಬೇಕು, ಅಲ್ಲಿ ಸರಿಹೋಗದಿದ್ದರೆ ಪ್ರೆಸ್ ಕೌನ್ಸಿಲ್ ಇದೆ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಬರುತ್ತದೆ.

ಮಗಳ ಹೆಸರು ಹಳೆಯ ಕೇಸಿನ ಆದೇಶದೊಂದಿಗೆ ಇಂಟರ್‌ನೆಟ್ ಹುಡುಕಾಟದಲ್ಲಿ ಕಾಣುತ್ತದೆ ಎಂದು ತಂದೆಯೊಬ್ಬರು ನಮ್ಮ ಕರ್ನಾಟಕ ಹೈಕೋರ್ಟಿಗೇ ಹೋಗಿದ್ದರು. ಹುಡುಕಾಟದಲ್ಲಿ ಆಕೆಯ ಹೆಸರು ಬಾರದಂತೆ ನೋಡಿಕೊಳ್ಳಲು 2017ರಲ್ಲಿ ಕೋರ್ಟು ತನ್ನ ರಿಜಿಸ್ಟ್ರಿಗೆ ಸೂಚಿಸಿತು. ಹೆಣ್ಣುಮಕ್ಕಳ ಹೆತ್ತವರು ಇದನ್ನು ನೆನಪಿಟ್ಟುಕೊಳ್ಳಬೇಕು.

ತಪ್ಪು ನಮ್ಮದೇ ಆಗಿದ್ದರೆ?

ಸ್ಪಷ್ಟನೆ ಬೇರೆ, ಸಮರ್ಥನೆ ಬೇರೆ. ನಾವು ಹೇಳಿದ್ದೇ ತಪ್ಪಾಗಿದ್ದರೆ “ತಪ್ಪಾಯಿತು” ಎಂದೇ ಬರೆಯಬೇಕು. ಸತ್ಯ ಮುಚ್ಚಿಟ್ಟವರ ಬಗ್ಗೆ ಹೇಳುವಾಗ ಸೂರಾ ಅಲ್ ಬಕರಾ ತೌಬಾದ ಜೊತೆಗೆ ಸರಿಪಡಿಸುವುದನ್ನೂ, ಬಹಿರಂಗವಾಗಿ ತಿಳಿಸುವುದನ್ನೂ ಸೇರಿಸಿದೆ. ನೂರು ಮಂದಿಯ ಗುಂಪಿನಲ್ಲಿ ಒಬ್ಬರ ಮಾನ ಕಳೆದು, ಆಮೇಲೆ ಅವರಿಗೊಬ್ಬರಿಗೇ ಗುಟ್ಟಾಗಿ “ಪೊರುತ್ತ ಕೊಡಿ” ಎಂದರೆ ಲೆಕ್ಕ ಮುಗಿಯುತ್ತದೆಯೇ? ಅದೇ ನೂರು ಮಂದಿಯ ಮುಂದೆ ತಿದ್ದಬೇಕು.

ಸುದ್ದಿ ಬಂದಾಗ ವಿಚಾರಿಸಿ ನೋಡಿ ಎಂದು ಸೂರಾ ಅಲ್ ಹುಜುರಾತ್ ಕಲಿಸುತ್ತದೆ. ಅಂದು ಆ ತುಂಡು ವಿಡಿಯೋ ಕಂಡವರಲ್ಲಿ ಹತ್ತು ಮಂದಿ ನಮಗೆ ಫೋನ್ ಮಾಡಿ ಕೇಳಿದ್ದರೂ ಅದು ಊರಿನಲ್ಲೇ ನಿಲ್ಲುತ್ತಿತ್ತು. ಅದು ಈಗಲೂ ಎಲ್ಲೋ ತಿರುಗುತ್ತಿರಬಹುದು. ಆದರೆ ಕೇಳಿದವರಿಗೆ ತೋರಿಸಲು ಒಂದು ಕಾಗದವಾದರೂ ಇದೆ. ಆ ಶುಕ್ರವಾರ ಮೂರು ಹೆಣ್ಣುಮಕ್ಕಳ ತಂದೆ ನೋಟಿಸ್ ಬೋರ್ಡಿನ ಎದುರು ನಿಂತು ಪೂರ್ತಿ ಓದಿದರು. ಮತ್ತೆ ಒಳಗೆ ಬಂದು ಸಲಾಂ ಹೇಳಿ ಕೈ ಹಿಡಿದರು. ನಮ್ಮ ನಾಲಗೆಯನ್ನೂ ಬೆರಳನ್ನೂ ಅಲ್ಲಾಹನು ಕಾಪಾಡಲಿ. ಆಮೀನ್.